ತಲೆಯ ಮೇಲೆ ಕೆಂಪು ಹೂಕುಂಡ ಹೊತ್ತ ಡೀವೋ ಬ್ಯಾಂಡಿನದು ಸಂಗೀತವೋ, ಬರೀ ಕೋಡಂಗಿಯಾಟವೋ?

ಎರಡೂ ಹೌದು. ಆದರೆ ಕೋಡಂಗಿಯಾಟಕ್ಕೆ ‘ಬರೀ’ ಎಂದು ಸೇರಿಸಬೇಡಿ.

ನಾನು ಅಂಕೋಲೆಯವನು. ಸುಗ್ಗಿಯ ಹೊತ್ತಿಗೆ ನಮ್ಮಲ್ಲಿ ಹಗರಣ ಎಂಬ ಅಣಕು ಮೆರವಣಿಗೆಯ ವೇಷಗಳು ಬೀದಿಗೆ ಬರುತ್ತವೆ. ಪುಢಾರಿ, ಅಧಿಕಾರಿ, ಹೊಂಡ ಬಿದ್ದ ರಸ್ತೆ, ಯಾರನ್ನೂ ಬಿಡುವುದಿಲ್ಲ. ವೇಷ ನೋಡಿ ಬಿದ್ದು ಬಿದ್ದು ನಕ್ಕವರಿಗೆ, ಪೆಟ್ಟು ಬಿದ್ದದ್ದು ಯಾರಿಗೆ ಎಂಬುದು ಆಮೇಲೆ ಹೊಳೆಯುತ್ತದೆ. ಡೀವೋವನ್ನೂ ಹಾಗೆಯೇ ನೋಡಬೇಕು.

ಇವರು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಎಂಬ ಟಯರು ಕಾರ್ಖಾನೆಗಳ ಊರಿನವರು. 1970ರ ಮೇ 4ರಂದು ಅಲ್ಲೇ ಹತ್ತಿರದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ಪ್ರತಿಭಟನೆಯ ಮೇಲೆ ನ್ಯಾಷನಲ್ ಗಾರ್ಡ್ ಪಡೆ ಗುಂಡು ಹಾರಿಸಿತು, ನಾಲ್ವರು ವಿದ್ಯಾರ್ಥಿಗಳು ಸತ್ತರು. ಅಲ್ಲಿ ಓದುತ್ತಿದ್ದ ಜೆರಾಲ್ಡ್ ಕಸಾಲೆ ಆಗ ಸ್ಥಳದಲ್ಲೇ ಇದ್ದರು. ಸತ್ತವರಲ್ಲಿ ಇಬ್ಬರು ಅವರ ಪರಿಚಯದವರು. ಮನುಷ್ಯ ಮುಂದೆ ಹೋಗುತ್ತಿಲ್ಲ, ಹಿಂದಕ್ಕೆ ಜಾರುತ್ತಿದ್ದಾನೆ ಎಂಬ ಗೆಳೆಯರ ನಡುವಿನ ತಮಾಷೆ ಅಲ್ಲಿಂದ ತಮಾಷೆಯಾಗಿ ಉಳಿಯಲಿಲ್ಲ. 1973ರಲ್ಲಿ ಮಾರ್ಕ್ ಮದರ್ಸ್‌ಬಾ ಮತ್ತಿತರರೊಂದಿಗೆ ಅವರು ಕಟ್ಟಿದ ಬ್ಯಾಂಡಿನ ಹೆಸರೂ ಅದರಿಂದಲೇ, ಅಂದರೆ ವಿಕಾಸದ ತಿರುಗುಮುರುಗು ಎಂಬರ್ಥದ ‘ಡಿ-ಎವಲ್ಯೂಷನ್’ ಪದದಿಂದ ಬಂತು. ಐವರೂ ಒಂದೇ ಬಗೆಯ ಹಳದಿ ಕಾರ್ಖಾನೆ ಉಡುಪು ತೊಟ್ಟು, ಕೀಲಿ ಕೊಟ್ಟ ಗೊಂಬೆಗಳಂತೆ ಕುಣಿಯುವುದು ಸುಮ್ಮನೆ ಅಲ್ಲ.

ಇನ್ನು ಸಂಗೀತ. ಬ್ರಿಟನ್ನಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಅವರ ‘ಸ್ಯಾಟಿಸ್‌ಫ್ಯಾಕ್ಷನ್’ ಕೇಳಿ, ಬೆನ್ನಿಗೇ ಬ್ರಯಾನ್ ಈನೊ ನಿರ್ಮಿಸಿದ ಡೀವೋದ 1978ರ ಮೊದಲ ಆಲ್ಬಮ್‌ನಲ್ಲಿರುವ ಅದೇ ಹಾಡನ್ನು ಕೇಳಿ. ಜಗತ್ತೇ ಗುನುಗುವ ಆ ಗಿಟಾರ್ ತುಣುಕನ್ನೇ ಕಿತ್ತು ಬಿಸಾಡಿದ್ದಾರೆ. ನೀವು ಕಾಲು ತಟ್ಟುವ ಜಾಗದಲ್ಲಿ ಡ್ರಮ್ಮಿನ ಪೆಟ್ಟು ಬೀಳುವುದಿಲ್ಲ. ಕೊನೆಯತ್ತ ‘ಬೇಬಿ’ ಎಂಬ ಒಂದೇ ಪದ ಉಸಿರಿಗೂ ಬಿಡುವಿಲ್ಲದೆ ಉದುರುತ್ತಲೇ ಇರುತ್ತದೆ. ಗುಮಟೆ ಬಾರಿಸುವ ನನ್ನ ಚಿಕ್ಕಪ್ಪನಿಗೆ ಇದನ್ನು ಕೇಳಿಸಿದೆ. ತೊಡೆಯ ಮೇಲೆ ತಾಳ ಹಾಕಲು ಹೋಗಿ, ನಿಲ್ಲಿಸಿ, ಮತ್ತೆ ಹಾಕಿ, “ಲೆಕ್ಕ ಗೊತ್ತಿದ್ದವನೇ ಮಾರಾಯ, ಬೇಕೆಂದೇ ಎಡವುತ್ತಾನೆ” ಎಂದರು. ಡ್ರಮ್ಮರ್ ಆಲನ್ ಮೈಯರ್ಸ್ ಬಗ್ಗೆ ನಾನು ಇದಕ್ಕಿಂತ ಒಳ್ಳೆಯ ವಿಮರ್ಶೆ ಓದಿಲ್ಲ. ಒಪ್ಪಿಗೆ ಕೇಳಲು ರೋಲಿಂಗ್ ಸ್ಟೋನ್ಸ್‌ನ ಗಾಯಕ ಮಿಕ್ ಜಾಗರ್ ಎದುರು ಈ ಹಾಡನ್ನು ಹಾಕಿದಾಗ ಅವರು ಎದ್ದು ಕುಣಿದರೆಂದು ಬ್ಯಾಂಡಿನವರೇ ಹೇಳಿಕೊಂಡಿದ್ದಾರೆ.

ನೀವು ಹೂಕುಂಡ ಎಂದ ಮೆಟ್ಟಿಲು ಮೆಟ್ಟಿಲಿನ ಟೊಪ್ಪಿಗೆ 1980ರದು. ಆ ವರ್ಷ ಅವರ ‘ವಿಪ್ ಇಟ್’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು, ಜನ ಟೊಪ್ಪಿಗೆಯನ್ನಷ್ಟೇ ನೆನಪಿಟ್ಟುಕೊಂಡರು. ಮುಂದೆ ಸಿಂಥಸೈಸರ್ ಹೆಚ್ಚಾಗಿ ಗಿಟಾರ್ ಮೂಲೆಗೆ ಸರಿಯಿತು. 1984ರ ಆಲ್ಬಮ್ ನನಗಂತೂ ಸಪ್ಪೆ. ಇವರು ನಿಜವಾಗಿ ಪಂಕ್ (ಒರಟು, ಬಂಡಾಯದ ರಾಕ್) ಹೌದೋ ಅಲ್ಲವೋ ಎಂದು ವಾದಿಸುವವರು ವಾದಿಸಲಿ. 1978, 1979 ಮತ್ತು 1980ರ ಮೂರು ಆಲ್ಬಮ್‌ಗಳನ್ನು ಅದೇ ಕ್ರಮದಲ್ಲಿ ಕೇಳಿ. ಮೊದಲ ಸಲ ವಿಡಿಯೊ ಬೇಡ, ಟೊಪ್ಪಿಗೆ ನೋಡುತ್ತಾ ಕುಳಿತರೆ ಡ್ರಮ್ ಕಿವಿಗೆ ಬೀಳುವುದಿಲ್ಲ.