ಒಂದು ಕೈಯಲ್ಲಿ ಹಾಲೂಡಿಸುವುದು ಹೇಗೆ?

ಪ್ರಶ್ನೆ: ಅಪಘಾತದ ನಂತರ ನನ್ನ ಎಡಗೈಗೆ ಸ್ವಾಧೀನವಿಲ್ಲ. ಮಗುವಿಗೆ ಇಪ್ಪತ್ತು ದಿನ. ಹಾಲು ಕುಡಿಯುವಾಗ ಜಾರುತ್ತದೆ, ತೊಟ್ಟು ಬಿರಿದಿದೆ. ಡಬ್ಬಿ ಹಾಲು ಶುರುಮಾಡಲೇ?

ಉತ್ತರ: ಈಗಲೇ ಬೇಡ. ತೊಂದರೆ ಹಿಡಿತದ್ದು, ಹಾಲಿನದಲ್ಲ. ಜಾರಿದ ಮಗು ತೊಟ್ಟಿನ ತುದಿಯನ್ನಷ್ಟೇ ಕಚ್ಚುತ್ತದೆ, ಅದಕ್ಕೇ ಬಿರುಕು.

ಎಡ ಮಗ್ಗುಲಾಗಿ ಮಲಗಿ. ಎಡಗೈ ಮೈಭಾರಕ್ಕೆ ಸಿಗದಂತೆ ಮುಂದಕ್ಕೆ ಚಾಚಿಡಿ, ಬಲಗೈ ಬಿಡುವಾಗುತ್ತದೆ. ಮಗುವಿನ ಹೊಟ್ಟೆ ನಿಮ್ಮ ಕಡೆಗೆ, ಮೂಗು ತೊಟ್ಟಿನ ನೇರಕ್ಕೆ ಇರಲಿ. ಬಾಯಿ ಅಗಲವಾಗಿ ತೆರೆದಾಗ ಭುಜದ ಹಿಂದೆ ಕೈಯಿಟ್ಟು ಹತ್ತಿರಕ್ಕೆ ಎಳೆದುಕೊಳ್ಳಿ. ತಲೆಯನ್ನು ತಳ್ಳಬೇಡಿ, ಮಗುವಿನ ಗದ್ದ ಅದರ ಎದೆಗೇ ಒತ್ತಿ ನುಂಗುವುದು ಕಷ್ಟವಾಗುತ್ತದೆ. ಸುರುಳಿ ಸುತ್ತಿದ ಟವೆಲನ್ನು ಮಗುವಿನ ಬೆನ್ನ ಹಿಂದೆ ಮಾತ್ರ ಇಡಿ. ಮಗು ಕುಡಿದಾದ ಮೇಲೆ ಟವೆಲ್ ತೆಗೆಯಿರಿ. ಬಲ ಎದೆಗೆ, ದಿಂಬುಗಳಿಗೆ ಒರಗಿ ಅರೆಮಲಗಿ ಮಗುವನ್ನು ಎದೆಯ ಮೇಲೆ ಬೋರಲು ಮಲಗಿಸಿ. ಅದರ ಭಾರವೇ ಅದನ್ನು ಹಿಡಿದಿಡುತ್ತದೆ. ತೇಗಿಸುವುದೂ ಅಲ್ಲೇ ಆಗುತ್ತದೆ. ನಿದ್ದೆ ಬಂದರೆ ಮಗುವನ್ನು ಬೇರೆಯವರ ಕೈಗೆ ಕೊಡಿ.

ಒಳಉಡುಪಿನ ಕೊಕ್ಕೆ ಬದಲು ಮುಂದುಗಡೆ ವೆಲ್ಕ್ರೋ ಹೊಲಿಸಿ. ಮಗು ದಿನಕ್ಕೆ 8ರಿಂದ 12 ಸಲ ಕುಡಿದು, ಕನಿಷ್ಠ 6 ಬಾರಿ ಮೂತ್ರ ಮಾಡಿ, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ.

ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾದವರಿಗೂ ಇದೇ ಕ್ರಮವೇ?

ಉತ್ತರ: ಭಂಗಿ ಹೆಚ್ಚುಕಡಿಮೆ ಇದೇ. ಆದರೆ ಪೆಟ್ಟು ಎದೆಮಟ್ಟದ 6ನೇ ನರದಲ್ಲೋ ಅದಕ್ಕಿಂತ ಮೇಲೋ ಇದ್ದರೆ, ಕುಡಿಸುವಾಗ ರಕ್ತದೊತ್ತಡ ಹಠಾತ್ತನೆ ಏರಬಹುದು: ಜೋರು ತಲೆನೋವು, ಬೆವರು, ಮುಖ ಕೆಂಪಾಗುವುದು. ಮಗುವನ್ನು ಬಿಡಿಸಿ, ನೆಟ್ಟಗೆ ಕೂತು, ಬಟ್ಟೆ ಸಡಿಲಿಸಿ, ಕ್ಯಾಥೆಟರ್ (ಮೂತ್ರದ ಕೊಳವೆ) ಮಡಚಿದೆಯೇ ನೋಡಿ. ತಕ್ಷಣ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ.