ಎಂಟು ವಾದ್ಯ, ಒಂದೇ ಷಡ್ಜ

ಶಾಸ್ತ್ರೀಯ ರಾಗಗಳಲ್ಲಿ ಹೊಸ ರಚನೆ ಕಟ್ಟಿ ಕೂಡಿ ನುಡಿಸುವ ಯುವ ತಂಡಗಳಿಂದ ಈ ಸಲ ಹಲವು ಪತ್ರಗಳು ಬಂದಿವೆ. ಆಯ್ದ ಐದಕ್ಕೆ ಇಲ್ಲಿ ಉತ್ತರ.

ನಮ್ಮದು ಎಂಟು ಮಂದಿಯ ವೃಂದ: ಎರಡು ಸಿತಾರ, ಎರಡು ಪಿಟೀಲು, ಕೊಳಲು, ಹಾರ್ಮೋನಿಯಂ, ತಬಲಾ, ತಾನ್‌ಪುರಾ. ಷಡ್ಜ (ಆಧಾರಸ್ವರ ‘ಸ’) ಕಾಳಿ ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಯಮನ್ ರಾಗದಲ್ಲಿ ಗತ್ (ತಾಳಕ್ಕೆ ಕೂಡಿಸಿದ ವಾದ್ಯರಚನೆ) ಕಟ್ಟಿದ್ದೇವೆ. ಒಬ್ಬೊಬ್ಬರೇ ನುಡಿಸಿದರೆ ಚೆಂದ, ಕೂಡಿದರೆ ಗಾಂಧಾರ ಬಂದಾಗಲೆಲ್ಲ ಸ್ವರ ನಡುಗುತ್ತದೆ. ಬಿಳಿ ಮೂರರ (ಮೂರನೆಯ ಬಿಳಿ ಮನೆಯ ಸ್ವರವೇ ಷಡ್ಜವಾದ) ಕೊಳಲಂತೂ ಹೊಂದುವುದೇ ಇಲ್ಲ. ಏನು ಮಾಡಬೇಕು?
– ಸಂಗೀತ ವಿದ್ಯಾರ್ಥಿನಿ, ಧಾರವಾಡ

ನಡುಕದ ಮೂಲ ಹಾರ್ಮೋನಿಯಂ. ಅದರ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಶ್ರುತಿ ಹಚ್ಚಿರುತ್ತಾರೆ. ತಾನ್‌ಪುರಾದ ತಂತಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರವಾದರೋ ಷಡ್ಜದ ಸರಿಯಾಗಿ ಒಂದೂಕಾಲು ಪಟ್ಟು. ಷಡ್ಜ 277 ಹರ್ಟ್ಸ್ ಎಂದಿಟ್ಟುಕೊಂಡರೆ ಈ ಗಾಂಧಾರ ಸುಮಾರು 346, ಹಾರ್ಮೋನಿಯಂನದು 349. ಎರಡೂ ಕೂಡಿ ನಿಂತರೆ ಸೆಕೆಂಡಿಗೆ ಸುಮಾರು ಮೂರು ಸಲ ಧ್ವನಿ ಏರಿಳಿಯುತ್ತದೆ. ನೀವು ಕೇಳುತ್ತಿರುವುದು ಅದನ್ನೇ. ಪಿಟೀಲಿನವರ ಕಿವಿ ತಾನ್‌ಪುರಾದ ಕಡೆಗೆ ಎಳೆದರೆ, ಪಕ್ಕದ ಹಾರ್ಮೋನಿಯಂ ಇನ್ನೊಂದು ಕಡೆಗೆ ಎಳೆಯುತ್ತದೆ.

ಆದ್ದರಿಂದ ಹಾರ್ಮೋನಿಯಂಗೆ ನೀಳ ಗಾಂಧಾರ, ಧೈವತ, ನಿಷಾದ ಕೊಡಲೇಬೇಡಿ. ಷಡ್ಜ, ಪಂಚಮ, ರಿಷಭಗಳಲ್ಲಿ ವ್ಯತ್ಯಾಸ ತೀರ ಸಣ್ಣದು, ಅವನ್ನು ಧಾರಾಳವಾಗಿ ಕೊಡಬಹುದು. ದ್ರುತ್ (ವೇಗದ) ಲಯದ ತಾನಿನಲ್ಲಿ, ಅಂದರೆ ಓಡುವ ಸ್ವರಸಾಲಿನಲ್ಲಿ, ಗಾಂಧಾರ ಕಾಲು ಮಾತ್ರೆಯಲ್ಲಿ (ಮಾತ್ರೆ ಎಂದರೆ ತಾಳದ ಒಂದು ಎಣಿಕೆ) ದಾಟಿಹೋದರೆ ನಡುಕ ಹುಟ್ಟಲು ಸಮಯವೇ ಇರುವುದಿಲ್ಲ, ಅಲ್ಲಿಯೂ ತೊಂದರೆಯಿಲ್ಲ.

ಶ್ರುತಿ ಹಚ್ಚುವ ಕ್ರಮವೂ ಮುಖ್ಯ. ಹಾರ್ಮೋನಿಯಂನ ರೀಡುಗಳನ್ನು ವೇದಿಕೆಯ ಮೇಲೆ ತಿದ್ದಲಾಗದು, ಹಾಗಾಗಿ ಮೊದಲು ಅದರ ಕಾಳಿ ಒಂದನ್ನು ಟ್ಯೂನರ್‌ನಲ್ಲಿ ಅಳೆಯಿರಿ. 279 ಬಂದರೆ ತಾನ್‌ಪುರಾವನ್ನೂ 279ಕ್ಕೇ ಹಚ್ಚಿ. ಆಮೇಲೆ ತಬಲಾ, ಪಿಟೀಲು, ಕೊನೆಗೆ ಸಿತಾರ. ಮನೆಯಲ್ಲಿ ಮೊಬೈಲ್ ತಾನ್‌ಪುರಾ ಇಟ್ಟುಕೊಂಡು ತಾಲೀಮು ಮಾಡುವವರೂ ಅದೇ ಅಂಕಿ ಇಟ್ಟುಕೊಳ್ಳಲಿ.

ಇನ್ನು ಕೊಳಲು. ಬಿಳಿ ಮೂರರ ಕೊಳಲಿನಲ್ಲಿ ಕಾಳಿ ಒಂದು ಎಂದರೆ ಅದರ ಧೈವತ. ಅದನ್ನು ಷಡ್ಜ ಮಾಡಿಕೊಂಡು ಯಮನ್ ನುಡಿಸಿದರೆ ಗಾಂಧಾರ, ತೀವ್ರ ಮಧ್ಯಮ, ನಿಷಾದ ಮೂರೂ ಅರ್ಧ ಮುಚ್ಚಿದ ರಂಧ್ರಗಳ ಮೇಲೆ ಬೀಳುತ್ತವೆ. ಯಮನ್ನಿನ ಜೀವಸ್ವರಗಳೇ ಹೀಗೆ ಅಲುಗಾಡಿದರೆ ನುಡಿಸುವವರ ತಪ್ಪೇನು? ವೃಂದದ ಪಂಚಮ ಯಾವುದೋ ಆ ಸ್ವರದ ಕೊಳಲು ತನ್ನಿ, ನಿಮಗೆ ಅದು ಕಾಳಿ ನಾಲ್ಕು. ಅದರ ಮಧ್ಯಮವೇ ನಿಮ್ಮ ಷಡ್ಜ. ಆಗ ಷಡ್ಜವೊಂದು ಮಾತ್ರ ಅರ್ಧ ರಂಧ್ರಕ್ಕೆ ಬರುತ್ತದೆ, ಉಳಿದ ಆರೂ ಸ್ವರಗಳಿಗೆ ಪೂರ್ತಿ ರಂಧ್ರ. ಯಮನ್ನಿನ ನಡೆಯೇ ‘ನಿ ರೇ ಗ’ ಎಂದು ಷಡ್ಜ ಬಿಟ್ಟು ಏರುವಂಥದ್ದು, ಕೊಳಲಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ನೀಳ ಷಡ್ಜವನ್ನು ಮಾತ್ರ ಪಿಟೀಲಿಗೆ ಬಿಡಿ.

ಸ್ವರ ಬರೆದಿಟ್ಟು ನುಡಿಸಿದರೆ ಶಾಸ್ತ್ರೀಯತೆ ಉಳಿಯುತ್ತದೆಯೇ? 20 ನಿಮಿಷದಲ್ಲಿ ಬರೆದದ್ದು ಎಷ್ಟಿರಬೇಕು, ಉಪಜ್ (ಆ ಕ್ಷಣಕ್ಕೆ ಹುಟ್ಟಿಸಿ ನುಡಿಸುವುದು) ಎಷ್ಟಿರಬೇಕು?
– ಸಿತಾರ ವಾದಕ, ಹುಬ್ಬಳ್ಳಿ

ಉಳಿಯುತ್ತದೆ. ಸರೋದ್ ವಾದಕ ಅಲ್ಲಾವುದ್ದೀನ್ ಖಾನರು ಮಧ್ಯಪ್ರದೇಶದ ಮೈಹರಿನಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ಕಟ್ಟಿದ ಬ್ಯಾಂಡ್ ರಾಗಸಂಗೀತವನ್ನೇ ನುಡಿಸುತ್ತಿತ್ತು. ಅವರ ಶಿಷ್ಯ ರವಿಶಂಕರ್ 1952ರಲ್ಲಿ ಆಕಾಶವಾಣಿ ವಾದ್ಯವೃಂದಕ್ಕೂ ಅದೇ ದಾರಿ ತೋರಿಸಿದರು. ರಾಗ ಕೆಡುವುದು ಬರೆಯುವುದರಿಂದಲ್ಲ, ಎಂಟು ಮಂದಿಯೂ ಉದ್ದಕ್ಕೂ ಒಂದೇ ಸಾಲನ್ನು ಎಳೆಯುವುದರಿಂದ. ಯಾರು ಯಾವಾಗ ಸುಮ್ಮನಿರಬೇಕು ಎಂಬುದನ್ನೇ ಮೊದಲು ಬರೆಯಬೇಕು.

20 ನಿಮಿಷಕ್ಕೆ ಒಂದು ಹಂಚಿಕೆ ಹೀಗಿರಬಹುದು. ಮೊದಲ 4 ನಿಮಿಷ ಆಲಾಪ, ಕೊಳಲು ಮತ್ತು ಒಂದೇ ಪಿಟೀಲು, ತಬಲಾ ಇಲ್ಲ. ಆಮೇಲೆ ನಿಮಿಷಕ್ಕೆ 60 ಮಾತ್ರೆಯ ತೀನ್‌ತಾಲದಲ್ಲಿ (16 ಮಾತ್ರೆಯ ತಾಳ) ಬರೆದ ಗತ್. ಒಂದು ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) 16 ಸೆಕೆಂಡು, 15 ಆವರ್ತನಕ್ಕೆ 4 ನಿಮಿಷ. ನಂತರದ 7 ನಿಮಿಷ ಉಪಜ್. ಇಲ್ಲಿ ಒಬ್ಬೊಬ್ಬರಿಗೆ ಎರಡು ಆವರ್ತನ, ಪ್ರತಿ ಸರದಿಯ ಕೊನೆಗೆ ಎಲ್ಲರೂ ಸೇರಿ ಮುಖಡಾ (ಗತ್‌ನ ಆರಂಭದ ತುಣುಕು). ‘ಮನಸ್ಸಿಗೆ ಬಂದಷ್ಟು ನುಡಿಸು’ ಎಂದುಬಿಟ್ಟರೆ ಮೊದಲಿನವರು ಹತ್ತು ಆವರ್ತನ ಹಿಡಿಯುತ್ತಾರೆ, ಕೊನೆಯವರಿಗೆ ಒಂದೂ ಉಳಿಯುವುದಿಲ್ಲ. ಉಳಿದ 5 ನಿಮಿಷ ದ್ರುತ್ ಗತ್, ತಬಲಾ-ಸಿತಾರದ ಸವಾಲು-ಜವಾಬು, ತಿಹಾಯಿ (ಮೂರು ಸಲ ನುಡಿಸಿ ಸಮ್ಮಿಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಮುಟ್ಟಿಸುವ ತುಣುಕು).

ಮುಖ್ಯ ಸಾಲಿನ ಜೊತೆಗೆ ನುಡಿಯುವ ಎರಡನೆಯ ಸಾಲು ಬರೆಯುವಾಗ ರಾಗದೊಳಗಿನ ಸಂವಾದವನ್ನೇ (ಹೊಂದಿ ನಿಲ್ಲುವ ಸ್ವರಜೋಡಿಗಳನ್ನೇ) ಹಿಡಿಯಿರಿ. ದುರ್ಗಾ ರಾಗ ಇದಕ್ಕೆ ಒಳ್ಳೆಯ ಆರಂಭ: ಗಾಂಧಾರ, ನಿಷಾದಗಳೇ ಇಲ್ಲ, ಸ–ಮ, ಸ–ಪ, ರೇ–ಪ ಜೋಡಿಗಳೆಲ್ಲ ಕೂಡಿ ನಿಲ್ಲುತ್ತವೆ. ಸಿತಾರ ‘ಮ ಪ ಧ, ಮ ರೇ’ ಎಂದು ನಡೆದಾಗ ಕೊನೆಯ ರಿಷಭದ ಮೇಲೆ ಪಿಟೀಲು ಪಂಚಮ ಹಿಡಿಯಲಿ, ಕೇಳಿ ನೋಡಿ. ದರ್ಬಾರಿಯನ್ನು ಸದ್ಯಕ್ಕೆ ಬಿಡಿ. ಅದರ ಗಾಂಧಾರದ ಆಂದೋಲನ (ನಿಧಾನದ ತೂಗಾಟ) ಒಬ್ಬರ ಕೈಯಲ್ಲಿ ಜೀವ, ನಾಲ್ವರ ಕೈಯಲ್ಲಿ ಗೊಂದಲ.

ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಇರುವ ಕಡೆ ಅದು ಎಷ್ಟನೆಯ ಮಾತ್ರೆಗೆ ಶುರು, ಎಷ್ಟನೆಯದಕ್ಕೆ ಮುಟ್ಟುತ್ತದೆ ಎಂದು ಬರೆಯಿರಿ. ಎರಡು ಸಿತಾರಗಳಲ್ಲಿ ಒಂದು ಮೊದಲೇ ಮುಟ್ಟಿದರೆ ಎರಡೂ ಬೇಸೂರ್ (ಅಪಸ್ವರ) ಅನಿಸುತ್ತವೆ. ಸ್ವರಲಿಪಿಗೆ ಭಾತಖಂಡೆ ಪದ್ಧತಿ ಸಾಕು, ಆದರೆ ಪ್ರತಿ ವಾದ್ಯಕ್ಕೂ ಬೇರೆ ಹಾಳೆ ಇರಲಿ. ಎರಡು ರಚನೆ ಇದ್ದರೆ ಯಮನ್ ಆದಮೇಲೆ ಭೂಪ್ ಅಥವಾ ಹಂಸಧ್ವನಿ ಇಟ್ಟುಕೊಳ್ಳಿ. ಈ ಎರಡು ರಾಗಗಳ ಸ್ವರಗಳೆಲ್ಲ ಯಮನ್ನಿನಲ್ಲೇ ಇರುವುದರಿಂದ ಸಿತಾರದ ತರಬ್ ತಂತಿಗಳನ್ನು (ತಾವಾಗಿ ಮಿಡಿಯುವ ಕೆಳಗಿನ ತಂತಿಗಳನ್ನು) ಮತ್ತೆ ಹಚ್ಚುತ್ತ ಸಭೆಯನ್ನು ಕಾಯಿಸಬೇಕಿಲ್ಲ.

ನಮ್ಮ ಪಿಟೀಲು ವಾದಕರಿಗೆ, ಒಬ್ಬ ತಬಲಾ ವಾದಕರಿಗೆ ಕಣ್ಣು ಕಾಣಿಸುವುದಿಲ್ಲ. ಕೈಸನ್ನೆ ಇಲ್ಲದೆ ವೃಂದ ನಡೆಸುವುದು ಹೇಗೆ?
– ಓದುಗರು, ಗದಗ

ಪಂಚಾಕ್ಷರ ಗವಾಯಿಗಳು (1892–1944) ಮತ್ತು ಪುಟ್ಟರಾಜ ಗವಾಯಿಗಳು (1914–2010) ವೀರೇಶ್ವರ ಪುಣ್ಯಾಶ್ರಮದಲ್ಲಿ ನೂರಾರು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಊರು ನಿಮ್ಮದು. ಕಿವಿಯ ಮೇಲೆ ಭರವಸೆ ಇಡಲು ಗದಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸನ್ನೆಗಳನ್ನೆಲ್ಲ ನಾದಕ್ಕೆ ತಿರುಗಿಸಿ. ಲಯ ಏರುವ ಮುಂಚೆ ತಬಲಾದವರು ಗೊತ್ತಾದ ಒಂದೇ ಬೋಲ್ (ತಬಲಾದ ನುಡಿ) ನುಡಿಸಲಿ, ಅದನ್ನು ಬೇರೆಲ್ಲೂ ಬಳಸಬಾರದು. ಉಪಜ್ ಮುಗಿಸುವವರು ಕೊನೆಯ ಆವರ್ತನದ ಖಾಲಿಯಿಂದ, ಅಂದರೆ ಒಂಬತ್ತನೆಯ ಮಾತ್ರೆಯಿಂದ, ತಾರ ಷಡ್ಜಕ್ಕೆ ಬರಲಿ. ಅದೇ ‘ನನ್ನದು ಮುಗಿಯಿತು’ ಎಂಬ ಮಾತು. ಆಲಾಪದಿಂದ ಗತ್‌ಗೆ ಹೋಗುವಾಗ ಎಲ್ಲರಿಗೂ ಕೇಳುವಂತೆ ಒಂದು ಉಸಿರು ತೆಗೆದುಕೊಂಡರೆ ಸಾಕು.

ಕಲಿಸಲು ಪ್ರತಿ ವಾದ್ಯದ ಪಾಲನ್ನು ಬೇರೆಬೇರೆಯಾಗಿ, ಠೇಕಾ (ತಾಳದ ಮೂಲ ಬೋಲ್‌ಗಳ ನಡೆ) ಸಮೇತ ಧ್ವನಿಮುದ್ರಿಸಿ ಕೊಡಿ: ಒಮ್ಮೆ ಅರ್ಧ ಲಯದಲ್ಲಿ, ಒಮ್ಮೆ ಪೂರ್ತಿ ಲಯದಲ್ಲಿ. ಸುಮ್ಮನಿರುವ ಆವರ್ತನಗಳನ್ನೂ ಬಾಯಿಂದ ಎಣಿಸಿ ಧ್ವನಿಮುದ್ರಿಸಿರಬೇಕು. ಅದನ್ನು ಬಿಟ್ಟರೆ ಅವರು ಮತ್ತೆ ಪ್ರವೇಶಿಸುವ ಜಾಗ ತಪ್ಪುತ್ತದೆ. ಹೀಗೆ ಕಟ್ಟಿದ ವೃಂದದಲ್ಲಿ ಕಣ್ಣಿದ್ದವರೂ ಹಾಳೆ ಬಿಟ್ಟು ಪರಸ್ಪರ ಕೇಳಿಸಿಕೊಳ್ಳುತ್ತಾರೆ, ಆದ್ದರಿಂದ ಎಲ್ಲ ತಂಡಗಳೂ ಇದನ್ನೇ ಮಾಡಲಿ ಎಂಬುದು ನಮ್ಮ ಆಸೆ.

ಕೊನೆಯ ತಿಹಾಯಿ ಸಮ್ಮಿಗೆ ಮೊದಲೇ ಬಂದುಬಿಡುತ್ತದೆ. ಅದರ ಮೂರು ಪಲ್ಲಾಗಳನ್ನು (ಮೂರು ಪಾಲುಗಳನ್ನು) ಮೂರು ವಾದ್ಯಗಳಿಗೆ ಹಂಚಿದ್ದೇವೆ.
– ಯುವ ತಬಲಾ ವಾದಕ, ಹಾವೇರಿ

ಸಮ್ಮಿನಿಂದ ಎದ್ದ ನಿಮ್ಮ ತಿಹಾಯಿ 5+1+5+1+5, ಒಟ್ಟು 17 ಮಾತ್ರೆ ಇರಬೇಕು. ಕೈ ಬದಲಾಗುವ ಕಡೆ ನಡುವಿನ ಆ ಒಂದು ಮಾತ್ರೆಯ ದಮ್ (ಬಿಡುವು) ಅನ್ನು ಮುಂದಿನವರು ನುಂಗುತ್ತಾರೆ. ಎರಡು ಸಲ ಹೀಗಾದರೆ ಎರಡು ಮಾತ್ರೆ ಹೋಯಿತು. ದಮ್ ಇರುವಲ್ಲಿ ತಬಲಾದಲ್ಲಿ ಒಂದು ‘ಧಾ’ ಇಡಿ, ಜಾಗ ತುಂಬುತ್ತದೆ. ಇಲ್ಲವೇ ದಮ್ ಇಲ್ಲದ ಚಿಕ್ಕ ತಿಹಾಯಿ ತೆಗೆದುಕೊಳ್ಳಿ: ಖಾಲಿಯಿಂದ ಎದ್ದು 3+3+3, ಒಂಬತ್ತನೆಯದು ಸಮ್.

ಕೂಡುವ ರೀತಿಯನ್ನೂ ನೋಡಿ. ಒಂದೇ ಸಾಲಿನಲ್ಲಿ ಕೂತರೆ ಈ ತುದಿಯಿಂದ ಆ ತುದಿಗೆ 6 ಮೀಟರ್. ಶಬ್ದ ಅಷ್ಟು ದೂರ ಹೋಗಲು ಸುಮಾರು 18 ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 240 ಮಾತ್ರೆಯ ದ್ರುತ್‌ನಲ್ಲಿ ಕಾಲು ಮಾತ್ರೆ ಎಂದರೆ 62 ಮಿಲಿಸೆಕೆಂಡು, ಅದರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ದಾರಿಯಲ್ಲೇ ಹೋಯಿತು. ಅರ್ಧಚಂದ್ರಾಕಾರದಲ್ಲಿ ಕೂತು ತಬಲಾವನ್ನು ನಡುವೆ ಇಟ್ಟರೆ ಎಲ್ಲರಿಗೂ ಅದು ಹತ್ತಿರ.

ತಾಲೀಮಿನಲ್ಲಿ ಸರಿಯಿದ್ದ ಶ್ರುತಿ ವೇದಿಕೆಯ ಮೇಲೆ ಹತ್ತೇ ನಿಮಿಷದಲ್ಲಿ ಕೆಡುತ್ತದೆ. ಏಕೆ?
– ಪಿಟೀಲು ವಿದ್ಯಾರ್ಥಿ, ಧಾರವಾಡ

ದೀಪಗಳ ಶಾಖಕ್ಕೆ ತಬಲಾದ ಚರ್ಮ ಬಿಗಿದು ಸ್ವರ ಏರುತ್ತದೆ, ಲೋಹದ ತಂತಿ ಹಿಗ್ಗಿ ಇಳಿಯುತ್ತದೆ, ಕೊಳಲು ಉಸಿರಿನಿಂದ ಬೆಚ್ಚಗಾಗಿ ಏರುತ್ತದೆ. ಧಾರವಾಡದ ಮಳೆಗಾಲದಲ್ಲಿ ತಂಪು ಹಿಡಿದ ತಬಲಾ ತಂದರೆ ಅಂತರ ಇನ್ನೂ ದೊಡ್ಡದು. ವಾದ್ಯಗಳನ್ನು ಅರ್ಧ ಗಂಟೆ ಮೊದಲೇ ವೇದಿಕೆಯ ಮೇಲಿಟ್ಟು, ದೀಪ ಹಚ್ಚಿಸಿ, ಕೊಳಲನ್ನು ಐದು ನಿಮಿಷ ಊದಿದ ಮೇಲೆಯೇ ಶ್ರುತಿ ಹಚ್ಚಿ. ಆಲಾಪದ ಕೊನೆಗೆ ತಬಲಾದವರಿಗೆ ಸುತ್ತಿಗೆ ಹಿಡಿಯಲು ಅರ್ಧ ನಿಮಿಷವನ್ನು ಹಾಳೆಯಲ್ಲೇ ಬರೆದಿಡಿ.