ಬಾಕ್ಸ್ 24 ಇಂಚಿನದ್ದಾ, 30 ಇಂಚಿನದ್ದಾ? ಮೊದಲು ಅಳತೆ ಟೇಪು ತನ್ನಿ

ಮಗನಿಗೆ 13 ವರ್ಷ, 100 ಮೀಟರ್ ಓಡುತ್ತಾನೆ, ವೇಗ ಹೆಚ್ಚಲು ಜಿಗಿತದ ಪ್ರಾಕ್ಟೀಸ್ ಮಾಡಿಸಬೇಕು, ಹತ್ತಿ ಧುಮುಕಲು 24 ಇಂಚು ಎತ್ತರದ ಬಾಕ್ಸ್ ತರಲಾ 30 ಇಂಚಿನದ್ದಾ ಅಂತ ಕೇಳಿದ್ದೀರಿ. ಆರ್ಡರ್ ಮಾಡಿದ್ದರೆ ಕ್ಯಾನ್ಸಲ್ ಮಾಡಿ.

ಅದೇ ವಯಸ್ಸಿನಲ್ಲಿ ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ 100, 200 ಮೀಟರ್ ಓಡುತ್ತಿದ್ದೆ. ಅಪ್ಪ ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದರು. ನನ್ನ ಓಟದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಶೂ ಬೇಗ ಸವೆಯುತ್ತದೆ ಅನ್ನೋದು ಮಾತ್ರ. ಜೂನ್ ಬಂತೆಂದರೆ ಮೈದಾನವೆಲ್ಲ ಕೆಸರು. ಮಳೆಗಾಲವಿಡೀ ಸೊಸೈಟಿಯ ಪಾರ್ಕಿಂಗ್‌ನಲ್ಲೇ ಪ್ರಾಕ್ಟೀಸ್. ಕಟ್ಟೆಯಿಂದ ಕೆಳಗೆ ಧುಮುಕಬೇಕು, ಕಾಲು ನೆಲಕ್ಕೆ ತಾಗಿದ ತಕ್ಷಣ ಮೇಲಕ್ಕೆ ಹಾರಬೇಕು. ಇದಕ್ಕೆ ಡೆಪ್ತ್ ಜಂಪ್ ಅಂತಾರೆ. ಕೆಳಗಿದ್ದದ್ದು ಪೇವರ್ ಬ್ಲಾಕ್.

ಪೇವರ್ ಬ್ಲಾಕೂ ಕೆಟ್ಟದ್ದೇ. ಆದರೆ ನನ್ನನ್ನು ಕೆಡವಿದ್ದು ಎತ್ತರದ ಹುಚ್ಚು. ಮೊದಲು ಸಣ್ಣ ಕಟ್ಟೆ, ಆಮೇಲೆ ದೊಡ್ಡ ಕಟ್ಟೆ, ಕೊನೆಗೆ ಕಾಂಪೌಂಡ್ ಗೋಡೆ. ಎತ್ತರ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ ಅಂತ ನನ್ನ ಲೆಕ್ಕ. ಆಗುತ್ತಿದ್ದದ್ದು ಉಲ್ಟಾ. ಇಂಥ ಪುಟಿದು ಜಿಗಿಯುವ ಕಸರತ್ತು, ಅಂದರೆ ಪ್ಲೈಯೊಮೆಟ್ರಿಕ್ಸ್‌ನ ಗುಟ್ಟೆಲ್ಲ ಕಾಲು ನೆಲಕ್ಕೆ ತಾಗುವ ಕ್ಷಣದಲ್ಲಿದೆ. ಸ್ನಾಯು ಹಿಗ್ಗಿದ ಕೂಡಲೇ, ಆ ಬಿಗಿ ಸಡಿಲವಾಗುವ ಮೊದಲೇ, ಕುಗ್ಗಿ ಪುಟಿಯಬೇಕು. ಒಳ್ಳೆಯ ಸ್ಪ್ರಿಂಟರ್ ಪೂರ್ತಿ ವೇಗದಲ್ಲಿರುವಾಗ ಪಾದ ನೆಲದ ಮೇಲಿರುವುದು ಸುಮಾರು 0.1 ಸೆಕೆಂಡ್. ನಾನೋ, ಗೋಡೆಯಿಂದ ಬಿದ್ದು, ಹಿಮ್ಮಡಿ ಊರಿ, ಅರ್ಧ ಕೂತು ಆಮೇಲೆ ಏಳುತ್ತಿದ್ದೆ. ಅಂದರೆ ನೆಲದ ಮೇಲೆ ಜಾಸ್ತಿ ಹೊತ್ತು ಇರುವುದನ್ನೇ ಕಾಲಿಗೆ ಕಲಿಸಿದೆ! ಸಣ್ಣ ಕಟ್ಟೆಯಿಂದ ಟಪ್ ಅನ್ನುತ್ತಿದ್ದ ಸದ್ದು ಗೋಡೆಯಿಂದ ಧಪ್ ಅನ್ನುತ್ತಿತ್ತು. ಕಿವಿಗೊಟ್ಟಿದ್ದರೆ ಅಷ್ಟೇ ಸಾಕಿತ್ತು.

1960ರ ದಶಕದಲ್ಲಿ ಈ ಡೆಪ್ತ್ ಜಂಪನ್ನು ಬಳಕೆಗೆ ತಂದ ಸೋವಿಯತ್ ಕೋಚ್ ಯೂರಿ ವೆರ್ಖೊಶಾನ್ಸ್ಕಿ ಹೇಳಿದ ಎತ್ತರ 0.75 ಮೀಟರ್, ಮತ್ತೆ 1.1 ಮೀಟರ್. ನಿಮ್ಮ 30 ಇಂಚು ಹೆಚ್ಚುಕಡಿಮೆ ಆ 0.75 ಮೀಟರೇ. ಅದು ಮೊದಲೇ ಚೆನ್ನಾಗಿ ತಯಾರಾದ, ಬಲಿತ ಅಥ್ಲೀಟ್‌ಗಳಿಗೆ ಅಂತ ಹೇಳಿದ್ದು.

ಗೋಡೆಯಿಂದ ಧುಮುಕುತ್ತಿದ್ದ ಆ ವರ್ಷವೇ ನಾನು ಸರ್ರನೆ ಉದ್ದವಾಗಿದ್ದೆ. ಹುಡುಗರು ಸುಮಾರು 14ರ ಹೊತ್ತಿಗೆ, ಹುಡುಗಿಯರು 12ರ ಹೊತ್ತಿಗೆ ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತಾರೆ. ಆಗ ಮಂಡಿಚಿಪ್ಪಿನ ಕೆಳಗೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಅಂಟಿಕೊಳ್ಳುವ ಜಾಗದಲ್ಲಿ ಮೂಳೆ ಇನ್ನೂ ಎಳಸು. ಪದೇ ಪದೇ ಜಗ್ಗಿ ಅಲ್ಲಿ ಊದಿಕೊಂಡಿತು. ಆಸ್‌ಗುಡ್-ಶ್ಲಾಟರ್ ಅಂತ ಅದರ ಹೆಸರು. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಇಳಿಯುವಾಗ ಕಂಬಿ ಹಿಡಿಯಬೇಕಾಗುತ್ತಿತ್ತು. ಹಿಂದಿನವರು 'ಚಲಾ, ಚಲಾ' ಅಂತ ತಳ್ಳುತ್ತಿದ್ದರು. ಶಾಲಾ ಮೀಟ್‌ಗಳು ಶುರುವಾದಾಗ ನಾನು ಬೇರೆಯವರ ಬ್ಯಾಗ್ ಕಾಯುತ್ತಿದ್ದೆ. ಗಂಟು ಈಗಲೂ ಇದೆ. ಮಂಡಿಯೂರಿ ಕೂರಲು ಆಗಲ್ಲ.

ಹಾಗಂತ ಜಿಗಿತವೇ ಬೇಡ ಅನ್ನುತ್ತಿಲ್ಲ. ಸರಿಯಾಗಿ ಮಾಡಿದರೆ ಓಟಕ್ಕೂ ಒಳ್ಳೇದು, ಗಾಯ ತಡೆಯಲೂ ಒಳ್ಳೇದು. ಬಾಕ್ಸ್ ಹತ್ತುವ ಜಿಗಿತದಲ್ಲಿ ಪೆಟ್ಟು ಕಡಿಮೆ, ಪೆಟ್ಟು ಬೀಳುವುದು ಇಳಿಯುವಾಗ. ಅದಕ್ಕೇ ಮೊದಲು ಇಳಿಯುವುದನ್ನು ಕಲಿಸಿ: ಸದ್ದಾಗಬಾರದು, ಮಂಡಿಗಳು ಒಳಕ್ಕೆ ವಾಲಬಾರದು. (ಮಗಳಿದ್ದರೆ ಇದನ್ನು ಇನ್ನೂ ಗಮನಿಸಿ. ಮಂಡಿಯೊಳಗಿನ ಎಸಿಎಲ್ ಅನ್ನೋ ಕಟ್ಟು (ಲಿಗಮೆಂಟ್) ಹರಿಯುವುದು ಹುಡುಗಿಯರಲ್ಲೇ ಜಾಸ್ತಿ.) ಆಮೇಲೆ ಸ್ಕಿಪ್ಪಿಂಗ್, ಹಿಮ್ಮಡಿ ಊರದೆ ಪುಟಿಯುವುದು, ಪಾದದುದ್ದದಷ್ಟೇ ಎತ್ತರದ ಅಡೆತಡೆ ದಾಟುವುದು. ಹುಲ್ಲಿನ ಮೇಲೆ, ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ 48 ಗಂಟೆ ಬಿಡುವು. ಒಂದು ದಿನಕ್ಕೆ 60ರಿಂದ 80 ಸಲ ಕಾಲು ನೆಲಕ್ಕೆ ತಾಗಿದರೆ ಧಾರಾಳವಾಯಿತು. ವಾರ್ಮ್‌ಅಪ್ ಆದ ಕೂಡಲೇ ಮಾಡಿಸಿ, ಓಡಿ ಸುಸ್ತಾದ ಮೇಲೆ ಬೇಡ.

ಟೇಪು ಯಾಕೆ ಅಂದರೆ, ತಿಂಗಳಿಗೊಮ್ಮೆ ಅವನ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಗುರುತು ಹಾಕಿ. ಗೀಟು ಬೇಗಬೇಗ ಮೇಲೇರುತ್ತಿದ್ದರೆ ಜಿಗಿತ ಅರ್ಧಕ್ಕಿಳಿಸಿ. ಮಂಡಿಯ ಕೆಳಗೋ ಹಿಮ್ಮಡಿಯಲ್ಲೋ ನೋವು ಅಂದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಕೋಚ್ 30 ಇಂಚೇ ಬೇಕು ಅಂತ ಹಟ ಹಿಡಿದರೆ ಕೋಚ್ ಬದಲಿಸಿ.